ಕೀರ್ತಿಯ ಹಾಡು, ಮಗನ ಪ್ರಶ್ನೆ

ರಾಪ್ ಹಾಡಿನಲ್ಲಿ ಹಾಡುವವನು ಹೆಚ್ಚಾಗಿ ತನ್ನ ಬಗ್ಗೆಯೇ ಹೇಳಿಕೊಳ್ಳುತ್ತಾನೆ. ಎಲ್ಲಿಂದ ಬಂದೆ, ಯಾರನ್ನು ಮೀರಿಸಿದೆ, ಎಷ್ಟು ಗಳಿಸಿದೆ, ಗಳಿಸಿದ್ದನ್ನು ಹೇಗೆ ಉಡಾಯಿಸಿದೆ ಎಂಬುದೇ ಈ ಪ್ರಕಾರದ ಹಳೆಯ ಹೂರಣ. 1973ರ ಆಗಸ್ಟಿನಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ನಡೆದ ಒಂದು ಪಾರ್ಟಿಯನ್ನು ಹಿಪ್‌ಹಾಪ್‌ನ ಹುಟ್ಟು ಎಂದು ಗುರುತಿಸುತ್ತಾರೆ. ಮುಂದಿನ ತಲೆಮಾರಿನ ಹಾಡುಗಾರರು ಹಣ ಕಂಡು, ಹೆಸರು ಮಾಡಿ, ಮಕ್ಕಳ ತಂದೆಯರಾದಂತೆ ಹಾಡಿನೊಳಗೆ ಇನ್ನೊಂದು ವಿಷಯ ಬಂದು ಸೇರಿತು. 2005ರಲ್ಲಿ ಬಂದ ಎಮಿನೆಮ್‌ನ ‘ವೆನ್ ಐಯಾಮ್ ಗಾನ್’ ಹಾಡಿನಲ್ಲಿ ಮಗಳು ಹೋಗಬೇಡವೆಂದು ಬೇಡುತ್ತಿರುವಾಗಲೇ ಅಪ್ಪ ಕಾರ್ಯಕ್ರಮಕ್ಕೆ ಹೊರಟುಬಿಡುತ್ತಾನೆ. 2012ರ ಜನವರಿಯಲ್ಲಿ, ಮಗಳು ಹುಟ್ಟಿದ ಎರಡು ದಿನಕ್ಕೆ, ಜೇ-ಝೀ ‘ಗ್ಲೋರಿ’ ಎಂಬ ಹಾಡು ಹೊರತಂದ. ಅದರಲ್ಲಿ ಕೂಸಿನ ಅಳುವಿನ ಧ್ವನಿಯೇ ಸೇರಿದೆ. ಐದು ವರ್ಷದ ನಂತರ ಬಂದ ಅವನ ‘4:44’ ಹೆಂಡತಿಯ ಕ್ಷಮೆ ಕೇಳುವ ಹಾಡು. ತನ್ನ ತಪ್ಪು ಮುಂದೊಂದು ದಿನ ಮಕ್ಕಳಿಗೆ ಗೊತ್ತಾದಾಗ ಯಾವ ಮುಖ ಹೊತ್ತು ನಿಲ್ಲಲಿ ಎಂಬ ಅಂಜಿಕೆ ಅದರಲ್ಲಿದೆ. ಕನ್ನಡ ರಾಪ್ ಇನ್ನೂ ಎಳೆಯದು. ಚಂದನ್ ಶೆಟ್ಟಿಯ ‘ತ್ರೀ ಪೆಗ್’ನಂಥ ಹಾಡುಗಳಲ್ಲಿ ಅದು ಮೋಜಿನ ಘಟ್ಟವನ್ನು ಕಂಡಿದೆ.

ಇಂಥ ಹಾಡನ್ನು ಅರ್ಥೈಸಲು ಹೊರಟವರು ಸಾಮಾನ್ಯವಾಗಿ ಎರಡರಲ್ಲಿ ಒಂದು ದಾರಿ ಹಿಡಿಯುತ್ತಾರೆ. ಹಾಡಿನ ‘ನಾನು’ ಎಂದರೆ ಹಾಡುಗಾರನೇ ಎಂದುಕೊಂಡು ಅವನ ಸಂಸಾರದ ಸುದ್ದಿಯನ್ನು ಪ್ರತಿ ಸಾಲಿನಲ್ಲಿ ಹುಡುಕುವುದು ಒಂದು. ಅದೆಲ್ಲ ಬರೀ ವೇಷ ಎಂದು ತಳ್ಳಿಹಾಕುವುದು ಮತ್ತೊಂದು. ಎರಡರಲ್ಲೂ ಮುಖ್ಯ ಪ್ರಶ್ನೆ ತಪ್ಪಿಹೋಗುತ್ತದೆ. ಮಗು ಹುಟ್ಟಿತು, ಬದಲಾದೆ ಎಂದು ಒಬ್ಬ ಪ್ರಖ್ಯಾತ ಮನುಷ್ಯ ಹಾಡಿದರೆ, ಆ ಬದಲಾವಣೆಗೆ ಧರ್ಮದ ದೃಷ್ಟಿಯಲ್ಲಿ ಎಷ್ಟು ತೂಕವಿದೆ? ತಂದೆತನವು ಕೀರ್ತಿಯ ಹುಚ್ಚಿಗೆ ಮದ್ದೋ ಅಥವಾ ಅದೇ ಹುಚ್ಚಿನ ಇನ್ನೊಂದು ರೂಪವೋ?

ಬೃಹದಾರಣ್ಯಕ ಉಪನಿಷತ್ತು ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಎತ್ತಿಕೊಂಡಿದೆ. ಮೂರನೆಯ ಅಧ್ಯಾಯದಲ್ಲಿ ಕಹೋಲ ಕೇಳಿದ ಪ್ರಶ್ನೆಗೆ ಉತ್ತರವಾಗಿ ಯಾಜ್ಞವಲ್ಕ್ಯ ಪುತ್ರೈಷಣೆ, ವಿತ್ತೈಷಣೆ, ಲೋಕೈಷಣೆ ಎಂಬ ಮೂರು ಬಯಕೆಗಳನ್ನು ಹೆಸರಿಸುತ್ತಾನೆ. ಮಕ್ಕಳ ಬಯಕೆ, ಸಂಪತ್ತಿನ ಬಯಕೆ ಮತ್ತು ಲೋಕಗಳ ಬಯಕೆ ಅವು. ಜನಬಳಕೆಯಲ್ಲಿ ಕೊನೆಯದನ್ನು ಲೋಕಮನ್ನಣೆಯ ಹಂಬಲವೆಂದೇ ತಿಳಿಯುತ್ತಾರೆ. ಯಾಜ್ಞವಲ್ಕ್ಯನ ಮಾತಿನ ಮೊನೆ ಇರುವುದು ಮುಂದಿನ ವಾಕ್ಯದಲ್ಲಿ: ಮೂರೂ ಬೇರೆಬೇರೆಯಲ್ಲ, ಮಕ್ಕಳ ಬಯಕೆಯೇ ಸಂಪತ್ತಿನ ಬಯಕೆ, ಅದೇ ಲೋಕದ ಬಯಕೆ. ರಾಪ್ ಹಾಡು ಹಣ ಮತ್ತು ಹೆಸರನ್ನು ಒಂದು ಕಡೆ, ಮಗುವನ್ನು ಇನ್ನೊಂದು ಕಡೆ ಇಟ್ಟು ಇದು ಅದನ್ನು ಗೆದ್ದಿತು ಎನ್ನುತ್ತದೆ. ಉಪನಿಷತ್ತಿನ ಪ್ರಕಾರ ಹಾಗೆ ಬೇರೆ ಮಾಡುವುದೇ ಸುಲಭವಲ್ಲ. ನನ್ನ ಮಗು ಎನ್ನುವಾಗ ಒತ್ತು ‘ನನ್ನ’ ಎಂಬುದರ ಮೇಲೆ ಬಿದ್ದರೆ, ಕೀರ್ತಿ ಹೋದ ದಾರಿಯಲ್ಲೇ ವಾತ್ಸಲ್ಯವೂ ಹೋಗುತ್ತದೆ. ಮಗುವೂ ಹೆಸರಿನ ವಿಸ್ತರಣೆಯಾಗುತ್ತದೆ.

ಆದರೆ ಅದೇ ಉಪನಿಷತ್ತು ತಂದೆತನವನ್ನು ಹಗುರವಾಗಿ ಕಂಡಿಲ್ಲ. ಮೊದಲನೆಯ ಅಧ್ಯಾಯದಲ್ಲಿ ಸಂಪ್ರತ್ತಿ ಎಂಬ ಕರ್ಮವೊಂದು ಬರುತ್ತದೆ. ಸಾವು ಹತ್ತಿರವಾಯಿತೆಂದು ತಿಳಿದ ತಂದೆ ಮಗನನ್ನು ಕರೆದು ತನ್ನ ಓದು, ಯಜ್ಞ, ಲೋಕಗಳನ್ನು ಅವನಿಗೆ ಒಪ್ಪಿಸುತ್ತಾನೆ. ಮಗ ಅವನ್ನು ಒಪ್ಪಿಕೊಳ್ಳುತ್ತಾನೆ. ತಂದೆ ಮಾಡಬೇಕಾದದ್ದನ್ನು ಮಾಡದೆ ಬಿಟ್ಟಿದ್ದರೆ, ತಪ್ಪಿ ನಡೆದಿದ್ದರೆ, ಅದರಿಂದ ಅವನನ್ನು ಬಿಡಿಸುವವನು ಮಗ. ಅಂದರೆ ತಂದೆಯ ಬದುಕಿನ ಬಾಕಿ ಚುಕ್ತಾ ಆಗುವುದು ಮಗನ ಕೈಯಲ್ಲಿ. ಒಂದೇ ಗ್ರಂಥದ ಈ ಎರಡು ಮಾತುಗಳ ನಡುವೆ, ಮಗ ನನ್ನ ಹೆಸರಿನ ಮುಂದುವರಿಕೆ ಎಂಬ ಆಸೆ ಮತ್ತು ಮಗ ನನ್ನ ತಪ್ಪನ್ನು ಎದುರಿಸುವವನು ಎಂಬ ಅರಿವಿನ ನಡುವೆ, ಕೀರ್ತಿವಂತ ತಂದೆಯ ಹಾಡೆಲ್ಲ ಓಲಾಡುತ್ತದೆ.

ಹಾಡಿನ ‘ನಾನು’ವನ್ನು ಹೇಗೆ ಓದಬೇಕು ಎಂಬುದಕ್ಕೆ ಮಲೆನಾಡಿನಲ್ಲಿ ಒಂದು ಪಳಗಿದ ಪದ್ಧತಿಯೇ ಇದೆ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಮಳೆ ಹಿಡಿದು ಬಯಲಾಟ ನಿಂತ ಮೇಲೆ ದೇವಸ್ಥಾನದ ಪೌಳಿಯಲ್ಲೋ ಮನೆಯ ಜಗಲಿಯಲ್ಲೋ ತಾಳಮದ್ದಳೆ ನಡೆಯುತ್ತದೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ. ಮದ್ದಳೆ, ಚಂಡೆ ನಿಂತ ಕೂಡಲೇ ಪಂಚೆ ಶಲ್ಯದಲ್ಲಿ ಕುಳಿತ ಅರ್ಥಧಾರಿ ಆ ಪದ್ಯಕ್ಕೆ ಅರ್ಥ ಹೇಳುತ್ತಾನೆ. ಹೇಳುವುದು ‘ನಾನು’ ಎಂದೇ. ಕರ್ಣನಾಗಿ, ವಾಲಿಯಾಗಿ, ರಾವಣನಾಗಿ ಮಾತಾಡುವಾಗ ಕೇಳುವವರು ಯಾರೂ ಅದನ್ನು ಅವನ ಆತ್ಮಕಥೆ ಎಂದುಕೊಳ್ಳುವುದಿಲ್ಲ. ಹಾಗೆಂದು ಬರೀ ಬಾಯಿಮಾತು ಎಂದು ಹಗುರ ಮಾಡುವುದೂ ಇಲ್ಲ. ಆಡಿದ ಮಾತಿಗೆ ಅವನೇ ಜವಾಬ್ದಾರ, ಎದುರು ಕುಳಿತವನು ಅದೇ ಮಾತನ್ನು ಹಿಡಿದು ಪ್ರಶ್ನೆ ಹಾಕುತ್ತಾನೆ.

ಪಾತ್ರದ ಮೊದಲ ಮಾತಿಗೆ ಪೀಠಿಕೆ ಎಂದು ಹೆಸರು. ದೊಡ್ಡ ಪಾತ್ರಗಳ ಪೀಠಿಕೆ ಎಂದರೆ ಬಹುಮಟ್ಟಿಗೆ ಆತ್ಮಪ್ರಶಂಸೆ. ಹುಟ್ಟು, ಗೆಲುವು, ವರ, ವೈಭವ ಒಂದೊಂದಾಗಿ ಬರುತ್ತವೆ. ರಾಪ್ ಹಾಡಿನ ಬಡಾಯಿಗೂ ಇದಕ್ಕೂ ಇರುವ ಹೋಲಿಕೆ ಮೇಲುಮೇಲಿನದಲ್ಲ. ಎರಡೂ ಲಯದ ಬಲದಿಂದ ನಿಂತಿವೆ, ಎರಡರಲ್ಲೂ ಎದುರಾಳಿ ಇದ್ದಾನೆ, ಎರಡರಲ್ಲೂ ಸಭೆ ತೂಗಿ ನೋಡುತ್ತದೆ. ಆದರೆ ತಾಳಮದ್ದಳೆಯ ಶಿಸ್ತು ಒಂದು ಹೆಜ್ಜೆ ಮುಂದಿದೆ. ಅಲ್ಲಿ ಪ್ರತಿ ಪದ್ಯಕ್ಕೂ ಯಾರಿಗೆ ಹೇಳಿದ್ದು ಎಂಬುದು ಗೊತ್ತಿರಲೇಬೇಕು. ಸಭೆಗೆ ಹೇಳಿದ ಮಾತು, ವೈರಿಗೆ ಹೇಳಿದ ಮಾತು, ಮಗನಿಗೆ ಹೇಳಿದ ಮಾತು ಒಂದೇ ಪದಗಳಲ್ಲಿದ್ದರೂ ಅರ್ಥ ಒಂದೇ ಅಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥ (1918–2006) ಅರ್ಥಧಾರಿಗಳ ವಾಲಿ, ರಾವಣರು ಕೇಳುಗರ ನೆನಪಿನಲ್ಲಿ ಉಳಿದಿರುವುದು ಮಾತಿನ ಜೋರಿನಿಂದ ಮಾತ್ರವಲ್ಲ, ಎದುರಿಗಿರುವವನನ್ನು ನೋಡಿ ಮಾತು ಹದ ಬದಲಿಸುವ ವಿವೇಕದಿಂದ. ಕೀರ್ತಿಯ ಹಾಡನ್ನು ಅರ್ಥೈಸುವವರು ಮೊದಲು ಕೇಳಬೇಕಾದ ಪ್ರಶ್ನೆ ಇದು ನಿಜವೇ ಎಂಬುದಲ್ಲ, ಇದನ್ನು ಯಾರಿಗೆ ಹೇಳುತ್ತಿದ್ದಾನೆ ಎಂಬುದು.

ಕೀರ್ತಿ, ಅತಿರೇಕ ಮತ್ತು ತಂದೆತನ ಒಂದೇ ಕಡೆ ಸೇರುವ ಪ್ರಸಂಗ ಬಭ್ರುವಾಹನ ಕಾಳಗ. ಇದರ ಕಥೆ ಜೈಮಿನಿ ಭಾರತದ್ದು. ಲಕ್ಷ್ಮೀಶ ಅದನ್ನು ವಾರ್ಧಕ ಷಟ್ಪದಿಯಲ್ಲಿ ಕನ್ನಡಕ್ಕೆ ತಂದ. ಕುರುಕ್ಷೇತ್ರ ಯುದ್ಧ ಮುಗಿದಿದೆ. ಧರ್ಮರಾಯನ ಅಶ್ವಮೇಧದ ಕುದುರೆಯ ಹಿಂದೆ ಅರ್ಜುನ ಊರೂರು ಗೆಲ್ಲುತ್ತ ಬರುತ್ತಾನೆ. ಈ ಘಟ್ಟದಲ್ಲಿ ಅವನ ಪೀಠಿಕೆಗೆ ಸಾಮಗ್ರಿಯ ಕೊರತೆಯೇ ಇಲ್ಲ: ಖಾಂಡವದಹನ, ಕಿರಾತನೊಡನೆ ಕಾಳಗ, ನಿವಾತಕವಚರ ವಧೆ, ಉತ್ತರಗೋಗ್ರಹಣ, ಭೀಷ್ಮ, ಕರ್ಣ. ಕುದುರೆ ಮಣಿಪುರಕ್ಕೆ ಬಂದಾಗ ಅಲ್ಲಿಯ ದೊರೆ ಬಭ್ರುವಾಹನ ಅದನ್ನು ಕಟ್ಟಿಹಾಕುತ್ತಾನೆ. ಹಣೆಯ ಪಟ್ಟಿಯ ಬರಹ ಓದಿದ ಮೇಲೆ, ಬರುತ್ತಿರುವವನು ನಿನ್ನ ತಂದೆ ಎಂದು ತಾಯಿ ಚಿತ್ರಾಂಗದೆ ತಿಳಿಸುತ್ತಾಳೆ. ಮಗ ಯುದ್ಧದ ಮಾತು ಬಿಟ್ಟು ಆನೆ, ಹೊನ್ನು, ಕಾಣಿಕೆಗಳೊಂದಿಗೆ ಹೋಗಿ ಅರ್ಜುನನ ಪಾದಕ್ಕೆ ತಲೆಯಿಡುತ್ತಾನೆ. ಅರ್ಜುನ ಆ ತಲೆಯನ್ನು ಒದೆಯುತ್ತಾನೆ. ನೀನು ನನ್ನ ಮಗನಲ್ಲ ಎನ್ನುತ್ತಾನೆ, ತಾಯಿಯ ಶೀಲವನ್ನು ಕೆಣಕುತ್ತಾನೆ, ಮಗನೆಂದರೆ ಅಭಿಮನ್ಯು ಎನ್ನುತ್ತಾನೆ.

ಅರ್ಜುನನ ಪಾತ್ರ ಹೇಳುವವನಿಗೆ ಇದಕ್ಕಿಂತ ಬಿಗಿಯಾದ ಇಕ್ಕಟ್ಟಿಲ್ಲ. ಹೀರೋ ಎಂದು ಸಭೆ ಒಪ್ಪಿಕೊಂಡವನು ಕಾಲಿಗೆ ಬಿದ್ದ ಮಗನನ್ನು ಒದ್ದಿದ್ದಾನೆ. ಅದನ್ನು ಸಮರ್ಥಿಸುವ ದಾರಿಗಳಿವೆ. ವ್ಯಾಸಭಾರತದ ಅಶ್ವಮೇಧಿಕ ಪರ್ವದಲ್ಲಿ ಒದೆತವಿಲ್ಲ, ಗದರಿಕೆ ಮಾತ್ರ ಇದೆ. ನಾನು ಆಯುಧ ಕೆಳಗಿಟ್ಟು ಬಂದಿದ್ದರೆ ನೀನು ಹೀಗೆ ಎದುರ್ಗೊಳ್ಳುವುದು ಸರಿ, ಕುದುರೆ ಕಾಯುತ್ತ ಯುದ್ಧಕ್ಕೆ ಬಂದವನ ಮುಂದೆ ಕಾಣಿಕೆ ಹಿಡಿದು ನಿಲ್ಲುವುದು ಕ್ಷತ್ರಿಯನಿಗೆ ಸಲ್ಲ ಎಂಬ ಭಾವ ಅಲ್ಲಿಯದು. ಅದನ್ನು ಹಿಡಿದರೆ ಅರ್ಜುನ ಮಗನ ಪೌರುಷ ಎಬ್ಬಿಸುವ ತಂದೆಯಾಗುತ್ತಾನೆ. ಅಭಿಮನ್ಯುವಿನ ಸಾವಿನ ಸಂಕಟ ಆರಿಲ್ಲ, ಆದ್ದರಿಂದ ಇನ್ನೊಬ್ಬನನ್ನು ಮಗನೆಂದು ಕರೆಯಲು ನಾಲಿಗೆ ಏಳಲಿಲ್ಲ ಎಂದು ಹೇಳುವುದಕ್ಕೂ ಎಡೆಯಿದೆ.

ಮೂರನೆಯ ಅರ್ಥವೊಂದಿದೆ. ಅದೇ ಎಲ್ಲಕ್ಕಿಂತ ಆಳವಾದದ್ದು. ಅರ್ಜುನ ಚಿತ್ರಾಂಗದೆಯನ್ನು ಮದುವೆಯಾಗಿ, ಮಗನಾದ ಮೇಲೆ ಬಿಟ್ಟು ಹೋದವನು. ಮಗನ ಬಾಲ್ಯದಲ್ಲಿ ಅವನಿಲ್ಲ. ಕಾಲ ಬಳಿ ಬಿದ್ದಿರುವ ಆ ತಲೆ ಅವನ ಕೀರ್ತಿಯ ಪಟ್ಟಿಯಲ್ಲಿ ಎಲ್ಲೂ ಇಲ್ಲದ ವರ್ಷಗಳ ಸಾಕ್ಷಿ. ಜಗತ್ತಿಗೆಲ್ಲ ಹೇಳಿಕೊಂಡ ಪೀಠಿಕೆಯನ್ನು ಈ ಒಬ್ಬ ಕೇಳುಗನ ಮುಂದೆ ಹೇಳಲು ಬರುವುದಿಲ್ಲ. ನೀನು ನನ್ನ ಮಗನಲ್ಲ ಎನ್ನದಿದ್ದರೆ ನಾನು ನಿನಗೆ ತಂದೆಯಾಗಿರಲಿಲ್ಲ ಎಂದು ಒಪ್ಪಿಕೊಳ್ಳಬೇಕಾಗುತ್ತದೆ. ಎರಡನೆಯ ಮಾತು ಹೇಳಲು ಬೇಕಾದ ಎದೆ ಗಾಂಡೀವ ಹಿಡಿದವನಿಗೆ ಆ ಗಳಿಗೆಯಲ್ಲಿ ಇಲ್ಲ. ಕಥೆಯೊಳಗೇ ಈ ಅರ್ಥಕ್ಕೆ ಬೆಂಬಲವಿದೆ. ಅರ್ಜುನನ ಜೊತೆ ಬಂದಿರುವ ವೃಷಕೇತು ಕರ್ಣನ ಮಗ. ತಾನು ಕೊಂದವನ ಮಗನನ್ನು ಅರ್ಜುನ ಎದೆಗವಚಿಕೊಂಡು ಸಾಕಿದ್ದಾನೆ, ಕಾಳಗದಲ್ಲಿ ಅವನು ಬಿದ್ದಾಗ ಗೋಳಾಡುತ್ತಾನೆ. ವಾತ್ಸಲ್ಯ ಅವನಲ್ಲಿ ಬತ್ತಿಲ್ಲ ಎಂಬುದು ಇದರಿಂದ ಸ್ಪಷ್ಟ. ವೃಷಕೇತುವಿನ ಮೇಲಿನ ಪ್ರೀತಿ ಅವನ ಪ್ರಾಯಶ್ಚಿತ್ತಕ್ಕೆ ಸೇರಿದ್ದು, ಅದರಿಂದ ಹೆಸರಿಗೆ ಕುಂದಿಲ್ಲ. ಬಭ್ರುವಾಹನನನ್ನು ಒಪ್ಪಿಕೊಂಡರೆ ಹೆಸರಿಗೇ ಪ್ರಶ್ನೆ ಬರುತ್ತದೆ.

ಕಾಳಗದಲ್ಲಿ ಮಗನ ಬಾಣಕ್ಕೆ ಅರ್ಜುನನ ತಲೆ ಹಾರುತ್ತದೆ. ಕಾರಣ ಹಳೆಯದು: ಮಗ ಭೀಷ್ಮನನ್ನು ಕಳೆದುಕೊಂಡ ಗಂಗೆ ಅರ್ಜುನನಿಗೆ ಮಗನ ಕೈಯಿಂದಲೇ ಸಾವು ಬರಲೆಂದು ಶಪಿಸಿದ್ದಾಳೆ. ಜ್ವಾಲೆ ಎಂಬ ಹೆಣ್ಣು ಹಗೆ ತೀರಿಸಲು ಬಾಣವಾಗಿ ಬಭ್ರುವಾಹನನ ಬತ್ತಳಿಕೆ ಸೇರಿದ್ದಾಳೆ. ವ್ಯಾಸಭಾರತದಲ್ಲಿ ಶಾಪ ವಸುಗಳದು, ಗಂಗೆ ಅದನ್ನು ಒಪ್ಪಿದವಳು. ಅಲ್ಲಿ ಮಣಿಯಿಂದ ಅರ್ಜುನನನ್ನು ಎಬ್ಬಿಸಿದ ಅವನ ಇನ್ನೊಬ್ಬ ಹೆಂಡತಿ ಉಲೂಪಿ ಅವನಿಗೆ ಎಲ್ಲವನ್ನೂ ಬಿಡಿಸಿ ಹೇಳುತ್ತಾಳೆ: ಶಿಖಂಡಿಯನ್ನು ಮುಂದಿಟ್ಟು ಭೀಷ್ಮನನ್ನು ಬೀಳಿಸಿದ್ದು ಅಧರ್ಮ, ಮಗನ ಕೈಯಲ್ಲಿ ಬಿದ್ದದ್ದರಿಂದ ಆ ಪಾಪ ಕಳೆಯಿತು, ಇಲ್ಲದಿದ್ದರೆ ನರಕ ತಪ್ಪುತ್ತಿರಲಿಲ್ಲ. ಬೃಹದಾರಣ್ಯಕದ ಸಂಪ್ರತ್ತಿ ಇಲ್ಲಿ ರಣರಂಗದಲ್ಲಿ ನಡೆದಿದೆ. ಮಗ ತಂದೆಯ ತಪ್ಪನ್ನು ಕಳೆದ, ತಂದೆಯ ಕೀರ್ತಿಯನ್ನು ಉರುಳಿಸಿ ಕಳೆದ. ಹೆಸರಿಗೆ ಪೆಟ್ಟು ಬೀಳದೆ ತಂದೆಯ ಬಾಕಿ ತೀರುವುದಿಲ್ಲ ಎಂಬುದು ಈ ಕಥೆ ಹೇಳುವ ಕಠಿಣವಾದ ಮಾತು. ಮಗುವಿನ ಮುಖ ಕಂಡ ಕೂಡಲೇ ಎಲ್ಲ ಸರಿಹೋಯಿತು ಎನ್ನುವ ಹಾಡುಗಳು ಈ ಮಾತಿನ ಮುಂದೆ ತೆಳುವಾಗುತ್ತವೆ.

ವಾಲಿಯ ಪ್ರಸಂಗವನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ತಮ್ಮನ ಹೆಂಡತಿಯನ್ನು ಇಟ್ಟುಕೊಂಡ ಅತಿರೇಕ, ರಾವಣನನ್ನೇ ಕಂಕುಳಲ್ಲಿ ಇರುಕಿದ ಖ್ಯಾತಿ, ಬಾಣ ನಾಟಿದ ಮೇಲೂ ರಾಮನನ್ನು ಧರ್ಮದ ಪ್ರಶ್ನೆಯಲ್ಲಿ ನಿಲ್ಲಿಸುವ ಬಿರುಸು ಎಲ್ಲ ಇದ್ದೂ, ಉಸಿರು ಕಡಿಮೆಯಾದಂತೆ ಅವನ ಮಾತು ಅಂಗದನ ಕಡೆಗೆ ತಿರುಗುತ್ತದೆ. ಮಗನನ್ನು ರಾಮನಿಗೂ, ತಾನು ಓಡಿಸಿದ್ದ ಸುಗ್ರೀವನಿಗೂ ಒಪ್ಪಿಸುತ್ತಾನೆ. ಗೆದ್ದವನಾಗಿ ಮಾತಾಡುವುದನ್ನು ಬಿಟ್ಟು ಬೇಡುವವನಾಗಿ ಮಾತಾಡುವುದು ಅಲ್ಲಿಂದಲೇ.

ತಾಳಮದ್ದಳೆಯ ಮಾತಿನಲ್ಲಿ ಹೆಸರಿಸಿದ ಮಲೆನಾಡಿನ ಮೂರು ತಾಲ್ಲೂಕುಗಳ ನೆಲದಲ್ಲಿ ತಂದೆಯರ ಕಥೆಗಳು ಇನ್ನೂ ಇವೆ. ತೀರ್ಥಹಳ್ಳಿಯಲ್ಲಿ ತುಂಗೆಯ ಬಂಡೆಗಳ ನಡುವೆ ರಾಮತೀರ್ಥವಿದೆ. ತಂದೆ ಜಮದಗ್ನಿಯ ಮಾತಿಗೆ ತಾಯಿಯ ತಲೆ ಕಡಿದ ಪರಶುರಾಮನ ಕೊಡಲಿಗೆ ಅಂಟಿದ ರಕ್ತ ಎಲ್ಲೂ ಹೋಗದೆ ಇಲ್ಲಿ ಹೋಯಿತೆಂಬುದು ಸ್ಥಳಪುರಾಣ. ಎಳ್ಳಮಾವಾಸ್ಯೆಗೆ ಜನ ಅಲ್ಲಿ ಮೀಯುತ್ತಾರೆ. ಅಪ್ಪನ ಸಿಟ್ಟಿನ ಕಲೆ ಮಗನ ಕೈಯ ಆಯುಧದ ಮೇಲೆ ಉಳಿದದ್ದನ್ನು ಆ ಪುರಾಣ ಮುಚ್ಚಿಟ್ಟಿಲ್ಲ. ಹೊಸನಗರ ತಾಲ್ಲೂಕಿನ ಹುಂಚದ ಕಥೆ ಅತಿರೇಕದ ತಂದೆಯದು. ಉತ್ತರ ಮಧುರೆಯ ದೊರೆ ಸಹಕಾರ ನಾಲಿಗೆಯ ಚಪಲಕ್ಕೆ ಬಿದ್ದು ಕೊನೆಗೆ ನರಮಾಂಸದ ರುಚಿಗೆ ಸಿಕ್ಕಿದ, ಮಗ ಜಿನದತ್ತನ ಪ್ರಾಣಕ್ಕೇ ಸಂಚಾಯಿತು, ಮಗ ಪದ್ಮಾವತಿಯ ಬಂಗಾರದ ಮೂರ್ತಿಯೊಡನೆ ಕುದುರೆಯೇರಿ ದಕ್ಷಿಣಕ್ಕೆ ಓಡಿಬಂದು ಲಕ್ಕಿ ಗಿಡದ ಕೆಳಗೆ ನಿಂತ ಎಂದು ಜೈನ ಐತಿಹ್ಯ. ಸಾಂತರ ಅರಸುಮನೆತನ ತನ್ನ ಮೂಲವನ್ನು ಅಲ್ಲಿಗೇ ಒಯ್ಯುತ್ತದೆ. ತಂದೆಯ ಹೆಸರಿಂದ ಕಡಿದುಕೊಂಡು ಬಂದ ಮಗನೇ ವಂಶದ ಮೂಲಪುರುಷನಾದದ್ದು ಗಮನಿಸಬೇಕಾದ ಸಂಗತಿ. ಸಾಗರ ತಾಲ್ಲೂಕಿನ ಕೆಳದಿಯಿಂದ ಬೆಳೆದ ನಾಯಕರಲ್ಲಿ ಒಂದನೆಯ ಸೋಮಶೇಖರ ನಾಯಕ ನರ್ತಕಿಯೊಬ್ಬಳ ಸಂಗದಲ್ಲಿ, ಅಮಲಿನಲ್ಲಿ ಹಾಳಾಗಿ ಮಕ್ಕಳಿಲ್ಲದೆ ಸತ್ತ. 1671ರಲ್ಲಿ ಪಟ್ಟಕ್ಕೆ ಬಂದ ಅವನ ಹೆಂಡತಿ ಚೆನ್ನಮ್ಮ ಬಸಪ್ಪನೆಂಬ ಹುಡುಗನನ್ನು ದತ್ತು ಪಡೆದಳು. ಆ ದತ್ತುಮಗನೇ ಮುಂದೆ ಕೆಳದಿ ಬಸವರಾಜನಾಗಿ 1709ರಲ್ಲಿ ‘ಶಿವತತ್ತ್ವರತ್ನಾಕರ’ ಎಂಬ ಸಂಸ್ಕೃತ ವಿಶ್ವಕೋಶ ಬರೆದ. ಮನೆತನದ ಕೀರ್ತಿಯನ್ನು ವಿದ್ವತ್ತಿನಲ್ಲಿ ಉಳಿಸಿದವನಿಗೆ ಆ ಮನೆತನದ ರಕ್ತವಿರಲಿಲ್ಲ.

ಇವೆಲ್ಲ ಕಥೆಯಾಗಿ ಬಂದವು. ಸ್ವತಃ ಹಾಡುಗಾರನೇ ತನ್ನ ಐಶ್ವರ್ಯದ ಬಗ್ಗೆ ‘ನಾನು’ ಎಂದು ಹಾಡಿದ ಪ್ರಕರಣಕ್ಕೆ ಪುರಂದರದಾಸರಲ್ಲಿಗೆ ಹೋಗಬೇಕು. ಅವರ ಹುಟ್ಟೂರು ಪುಣೆಯ ಹತ್ತಿರದ ಪುರಂದರಗಡವೆಂದು ಬಹುಕಾಲ ಹೇಳಿಕೊಂಡು ಬಂದದ್ದುಂಟು. ತೀರ್ಥಹಳ್ಳಿ ತಾಲ್ಲೂಕಿನ ಆರಗದ ಸೀಮೆಯೆಂಬುದು ಇನ್ನೊಂದು ಪಕ್ಷ. ರಾಜ್ಯ ಸರ್ಕಾರ ನೇಮಿಸಿದ ವಿದ್ವಾಂಸರ ಸಮಿತಿ ಮಲೆನಾಡಿನ ಪಕ್ಷವನ್ನೇ ಎತ್ತಿಹಿಡಿಯಿತು. ವಿಜಯನಗರದ ಕಾಲದಲ್ಲಿ ಆರಗ ಒಂದು ರಾಜ್ಯದ, ಅಂದರೆ ಪ್ರಾಂತದ, ಮುಖ್ಯ ಠಾಣೆಯಾಗಿತ್ತು. ಘಟ್ಟದ ಕೆಳಗಿನ ಬಂದರುಗಳಿಗೂ ಮೇಲಿನ ಪೇಟೆಗಳಿಗೂ ನಡುವೆ ಇದ್ದ ಇಂಥ ಜಾಗದಲ್ಲಿ ನವಕೋಟಿ ನಾರಾಯಣನೆನಿಸಿಕೊಂಡ ಸಾಹುಕಾರನೊಬ್ಬ ಬೆಳೆದಿದ್ದರೆ ಆಶ್ಚರ್ಯವಿಲ್ಲ.

ಶ್ರೀನಿವಾಸ ನಾಯಕ ಪುರಂದರದಾಸನಾದ ಕಥೆಯನ್ನು ಕನ್ನಡಿಗರು ಮೂಗುತಿಯ ಕಥೆಯೆಂದು ನೆನಪಿಡುತ್ತಾರೆ. ಅದು ಒಬ್ಬ ತಂದೆಯ ಕಥೆಯಿಂದ ಶುರುವಾಗುತ್ತದೆಂಬುದು ಅಷ್ಟಾಗಿ ಗಮನಕ್ಕೆ ಬರುವುದಿಲ್ಲ. ಬಡ ಬ್ರಾಹ್ಮಣನೊಬ್ಬ ಮಗನ ಉಪನಯನಕ್ಕೆ ಸಹಾಯ ಬೇಡಿ ನಾಯಕನ ಅಂಗಡಿಗೆ ಬರುತ್ತಾನೆ. ನಾಯಕ ಇವತ್ತು ನಾಳೆ ಎಂದು ಅಲೆಸಿ ಕೊನೆಗೆ ಸವೆದ ಕಾಸು ಕೊಟ್ಟು ಸಾಗಹಾಕುತ್ತಾನೆ. ಬ್ರಾಹ್ಮಣ ಮನೆಗೆ ಹೋಗಿ ನಾಯಕನ ಹೆಂಡತಿಯನ್ನು ಬೇಡಿದಾಗ ಅವಳು ಮೂಗುತಿ ಬಿಚ್ಚಿ ಕೊಡುತ್ತಾಳೆ. ಅವನು ಅದನ್ನು ಅಡವಿಡಲು ತರುವುದು ಅದೇ ಅಂಗಡಿಗೆ. ಹೆಂಡತಿಯ ಒಡವೆಯನ್ನು ಗುರುತು ಹಿಡಿದ ನಾಯಕ ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಮನೆಗೆ ಬಂದು ಮೂಗುತಿ ತೋರಿಸು ಎನ್ನುತ್ತಾನೆ. ದಿಕ್ಕು ತೋಚದೆ ವಿಷ ಕುಡಿಯಹೊರಟವಳ ಬಟ್ಟಲಲ್ಲಿ ಮೂಗುತಿ ಬಿದ್ದಿರುತ್ತದೆ, ಅಂಗಡಿಯ ಪೆಟ್ಟಿಗೆ ಬರಿದಾಗಿರುತ್ತದೆ. ಗಳಿಸುವವರು ಮಕ್ಕಳಿಗಾಗಿ ಗಳಿಸುತ್ತಿದ್ದೇವೆ ಎಂದು ಹೇಳುವುದು ಲೋಕರೂಢಿ. ಈ ಕಥೆಯಲ್ಲಿ ಮಗನಿಗಾಗಿ ಬೇಡುವ ತಂದೆಯನ್ನು ತಿರಸ್ಕರಿಸಿದವನು ಮಕ್ಕಳೊಂದಿಗನೇ ಆದ ಇನ್ನೊಬ್ಬ ತಂದೆ. ವಿತ್ತೈಷಣೆ ಪುತ್ರೈಷಣೆಯ ಮುಸುಕು ಹಾಕಿಕೊಂಡು ಹೇಗೆ ನಿಲ್ಲುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಚಿತ್ರ ಬೇಡ.

ಕಥೆ ಐತಿಹ್ಯ, ಕೀರ್ತನೆ ಕೃತಿ. ‘ಆದದ್ದೆಲ್ಲ ಒಳಿತೇ ಆಯಿತು’ ಎಂಬ ಕೀರ್ತನೆಯಲ್ಲಿ ಹಿಂದೆ ದೊಡ್ಡಸ್ತಿಕೆಯಿಂದ ದಂಡಿಗೆ ಹಿಡಿಯಲು ನಾಚಿದವನು ಈಗ ಅದನ್ನು ಹಿಡಿದಿರುವುದನ್ನು ಹೇಳಿಕೊಳ್ಳುತ್ತಾನೆ. ಹಿಡಿಸಿದವಳು ಹೆಂಡತಿ ಎಂದು ಅವಳ ಕುಲಕ್ಕೆ ಒಳಿತನ್ನು ಹಾರೈಸುತ್ತಾನೆ. ಮೂಗುತಿಯ ಪವಾಡ ಆ ಕೀರ್ತನೆಯಲ್ಲಿ ಇಲ್ಲ. ಹಾಡಿನಲ್ಲಿರುವ ಸಣ್ಣ ಸುಳಿವನ್ನು ಹಿಡಿದು ಜನ ಕಥೆ ಬೆಳೆಸಿಕೊಂಡರೋ, ಕಥೆ ಮೊದಲೇ ಇತ್ತೋ ಎಂಬುದು ಚರಿತ್ರೆಯವರ ವಿಚಾರ. ಅರ್ಥೈಸುವವರಿಗೆ ಮುಖ್ಯವಾದದ್ದು, ಈ ‘ನಾನು’ ತನ್ನ ಪತನವನ್ನೂ ಬದಲಾವಣೆಯನ್ನೂ ಸಾಧನೆಯೆಂದು ಬರೆದುಕೊಂಡಿಲ್ಲ ಎಂಬುದು. ಕೆಲಸ ಮಾಡಿದವಳು ಇನ್ನೊಬ್ಬಳು, ನಡೆಸಿದವನು ವಿಠಲ. ಪದದ ಕೊನೆಗೆ ಬರುವ ಪುರಂದರ ವಿಠಲ ಎಂಬ ಅಂಕಿತವೂ ಗುರು ವ್ಯಾಸರಾಯರು ಕೊಟ್ಟದ್ದೆಂದು ಸಂಪ್ರದಾಯ. ರಾಪರ್ ತನ್ನ ಹೆಸರನ್ನು ಹಾಡಿನಲ್ಲಿ ಮತ್ತೆ ಮತ್ತೆ ಕೂಗುವುದು ಮಾತು ನನ್ನದು ಎಂದು ಮುದ್ರೆ ಒತ್ತಲು. ದಾಸರ ಅಂಕಿತದಲ್ಲಿ ಮುದ್ರೆ ದೇವರದು. ಹೆಸರು ಉಳಿದರೂ ಅದರ ಒಡೆತನ ಕೈ ಬದಲಿಸಿದೆ.

ಇಲ್ಲೊಂದು ಕಷ್ಟದ ಪ್ರಶ್ನೆ ಏಳುತ್ತದೆ, ಅದನ್ನು ಭಕ್ತಿಯ ಹೆಸರಿನಲ್ಲಿ ಹಾಯಿಸಿಬಿಡುವುದು ಸರಿಯಲ್ಲ. ನಾಯಕ ಮನೆ, ಅಂಗಡಿ, ನಿಧಿ ಎಲ್ಲವನ್ನೂ ದಾನ ಮಾಡಿ ಹೆಂಡತಿ ಮಕ್ಕಳೊಂದಿಗೆ ಹೊರಟ ಎನ್ನುತ್ತದೆ ಐತಿಹ್ಯ. ದಾನವಾದದ್ದರಲ್ಲಿ ಮಕ್ಕಳ ಪಾಲೂ ಇತ್ತು. ತನ್ನ ಬಿಡುಗಡೆಗಾಗಿ ಮಕ್ಕಳನ್ನು ಮಧುಕರದ, ಅಂದರೆ ಮನೆಮನೆಯ ಭಿಕ್ಷೆಯ, ಬದುಕಿಗೆ ಎಳೆಯುವ ಹಕ್ಕು ತಂದೆಗೆ ಎಲ್ಲಿಂದ ಬಂತು? ಅತಿಭೋಗದಂತೆ ಅತಿತ್ಯಾಗವೂ ಮಕ್ಕಳ ತಲೆಯ ಮೇಲೆ ಬೀಳುತ್ತದೆ. ಮಾಧ್ವ ಸಿದ್ಧಾಂತದಲ್ಲಿ ಇದಕ್ಕೆ ಉತ್ತರ ಹುಡುಕುವುದಾದರೆ, ಸ್ವತಂತ್ರನು ವಿಷ್ಣುವೊಬ್ಬನೇ, ಉಳಿದದ್ದೆಲ್ಲ ಪರತಂತ್ರ. ಆಸ್ತಿಯೂ ತಂದೆಯದಲ್ಲ, ಮಕ್ಕಳೂ ತಂದೆಯ ಸೊತ್ತಲ್ಲ. ಎರಡನ್ನೂ ಅವನು ಒಡೆಯನ ಪರವಾಗಿ ನೋಡಿಕೊಳ್ಳುವವನು ಮಾತ್ರ. ಈ ಉತ್ತರ ತಾತ್ತ್ವಿಕವಾಗಿ ಗಟ್ಟಿ. ಮಕ್ಕಳ ಬಾಯಿಂದಲೂ ಅದು ಬಂದರೆ ಮಾತ್ರ ಪೂರ್ತಿ. ದಾಸರ ಮಕ್ಕಳೂ ಹರಿದಾಸರಾದರೆಂದು ಸಂಪ್ರದಾಯ ಹೇಳುವುದು ಬಹುಶಃ ಈ ಕೊರತೆಯನ್ನು ತುಂಬಲು.

ಇನ್ನೂ ಒಳ್ಳೆಯ ಉತ್ತರ ಅವರ ಬಾಲಕೃಷ್ಣನ ಪದಗಳಲ್ಲಿದೆ. ‘ಜಗದೋದ್ಧಾರನ’ ಕೀರ್ತನೆಯಲ್ಲಿ ಯಶೋದೆ ಜಗತ್ತನ್ನು ಪೊರೆಯುವವನನ್ನೇ ಮಗನೆಂದುಕೊಂಡು ಆಡಿಸುತ್ತಾಳೆ. ಎತ್ತಿಕೊಳ್ಳುವ, ಮುದ್ದಿಸುವ, ಗದರುವ ಎಲ್ಲ ಅಧಿಕಾರವೂ ಅವಳಿಗಿದೆ. ಒಡೆತನ ಒಂದಿಷ್ಟೂ ಇಲ್ಲ. ತೊಡೆಯ ಮೇಲಿರುವವನು ತನ್ನವನಾಗಿಯೂ ತನ್ನ ಅಳತೆಗೆ ಸಿಗದವನು. ಈ ವಾತ್ಸಲ್ಯ ಉಪನಿಷತ್ತಿನ ಪುತ್ರೈಷಣೆಯ ಆಚೆಗೆ ನಿಲ್ಲುತ್ತದೆ. ಮಗುವಿನಿಂದ ಹೆಸರು ಬರಬೇಕೆಂಬ ಆಸೆಗೆ ಇಲ್ಲಿ ಜಾಗವಿಲ್ಲ.

ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಬೆಳೆದ ಕುವೆಂಪು ಇದನ್ನೇ ದೇವರ ಮಾತಿಲ್ಲದೆ ಹೇಳಿದರು. ಪ್ರತಿ ಮಗುವೂ ಹುಟ್ಟುವಾಗ ವಿಶ್ವಮಾನವ, ಬೆಳೆಯುತ್ತ ನಾವು ಅದನ್ನು ಅಲ್ಪಮಾನವನನ್ನಾಗಿ ಮಾಡುತ್ತೇವೆ ಎಂಬುದು ಅವರ ಪ್ರಸಿದ್ಧ ಸಂದೇಶದ ತಿರುಳು. ಮಗುವಿನ ಮೇಲೆ ಮೊದಲು ಬೀಳುವ ಪಟ್ಟಿ ತಂದೆಯ ಹೆಸರೇ. ಆ ತಂದೆ ಕುವೆಂಪುವೇ ಆಗಿದ್ದರೆ ಪಟ್ಟಿಯ ಭಾರ ಹೇಳತೀರದು. ಮಗ ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯ ಕಾಫಿ ತೋಟಕ್ಕೆ ಹೋಗಿ ತಮ್ಮದೇ ದಾರಿ ಮಾಡಿಕೊಂಡರು. ಅವರು ಬರೆದ ‘ಅಣ್ಣನ ನೆನಪು’ ಪುಸ್ತಕದಲ್ಲಿ ಜ್ಞಾನಪೀಠ ಪಡೆದ ಮಹಾಕವಿಗಿಂತ ಮನೆಯೊಳಗೆ ಓಡಾಡುವ ಅಪ್ಪ ಹೆಚ್ಚು ಕಾಣುತ್ತಾನೆ. ಕೀರ್ತಿವಂತ ತಂದೆಯ ಬಗ್ಗೆ ಮಗ ಬರೆದದ್ದರಲ್ಲಿ ಕೀರ್ತಿಯೇ ಹಿಂದೆ ಸರಿದು ನಿಂತಿರುವುದು ಆ ತಂದೆತನಕ್ಕೆ ಸಂದ ದೊಡ್ಡ ಮನ್ನಣೆ.

ಈ ಬೆಳಕಿನಲ್ಲಿ ಮೊದಲಿನ ರಾಪ್ ಹಾಡುಗಳನ್ನು ನೋಡಿದರೆ ಅವುಗಳೊಳಗಿನ ಅಂತರ ತಿಳಿಯುತ್ತದೆ. ‘ಗ್ಲೋರಿ’ ಮಗಳನ್ನೇ ಕರೆದು ಮಾತಾಡುತ್ತದೆ, ಅವಳ ಅಜ್ಜ ಲಿವರ್ ಕೆಟ್ಟು ಸತ್ತದ್ದನ್ನೂ ಮುಚ್ಚಿಡುವುದಿಲ್ಲ. ಆದರೂ ಎರಡು ದಿನದ ಕೂಸಿಗೆ ಹಾಡು ಕೇಳದು, ಕೇಳುವುದು ಜಗತ್ತಿಗೆ. ಮಗುವಿನ ಅಳು ಕೂಡ ಜಗತ್ತಿಗೆ ತೋರಿಸಿದ ಸಂಭ್ರಮದ ಭಾಗವಾಗುತ್ತದೆ. ಪೀಠಿಕೆ ಅಲ್ಲಿ ಇನ್ನೂ ಮುಗಿದಿಲ್ಲ. ‘4:44’ರಲ್ಲಿ ಮಕ್ಕಳು ಪ್ರಶ್ನೆ ಕೇಳುವವರಾಗಿ ಬಂದಿದ್ದಾರೆ. ತಂದೆ ಅವರ ಮುಂದೆ ಹೆಸರು ಕಳೆದುಕೊಳ್ಳಲು ಸಿದ್ಧನಾಗಿದ್ದಾನೆ. ಬಭ್ರುವಾಹನನ ಮುಂದೆ ಅರ್ಜುನನಿಗೆ ಬಾಯಿಗೆ ಬರದ ಮಾತಿನ ಹತ್ತಿರಕ್ಕೆ ಆ ಹಾಡು ಹೋಗುತ್ತದೆ. ಆದ್ದರಿಂದಲೇ ಎರಡರಲ್ಲಿ ಅದು ಹಿರಿದು.

ಬಭ್ರುವಾಹನನ ಪ್ರಸಂಗದಲ್ಲಿ ಅರ್ಥಧಾರಿಗಳಿಗೆ ಉಳಿದ ಇನ್ನೊಂದು ಕೆಲಸವೆಂದರೆ ತಾಯಂದಿರ ಅರ್ಥ. ಒದೆತ ಬಿದ್ದದ್ದು ಮಗನ ತಲೆಗೆ, ಮಾತು ತಗುಲಿದ್ದು ಚಿತ್ರಾಂಗದೆಗೆ. ಕಾಳಗವೇ ಅವಳ ಮಾನಕ್ಕಾಗಿ ನಡೆದದ್ದು. ಅರ್ಜುನ ಎದ್ದ ಮೇಲೆ ಕೃಷ್ಣನ ಮಹಿಮೆ, ಯಜ್ಞದ ಮುಂದುವರಿಕೆಗಳ ಕಡೆಗೆ ಕಥೆ ಓಡುವುದರಿಂದ ಅವಳ ಮಾತಿಗೆ ಸಿಗುವ ಎಡೆ ಕಡಿಮೆ. ಈ ಜಾಗದಲ್ಲಿ ವ್ಯಾಸಭಾರತ ಒಂದು ವಿವರ ಕೊಡುತ್ತದೆ. ಒಂದು ರಾತ್ರಿಯಾದರೂ ನಗರದೊಳಗೆ ಬಂದು ಇಬ್ಬರು ಹೆಂಡಿರೊಡನೆ ಇದ್ದು ಹೋಗು ಎಂದು ಮಗ ತಂದೆಯನ್ನು ಕೇಳಿಕೊಳ್ಳುತ್ತಾನೆ. ದೀಕ್ಷೆಯಲ್ಲಿದ್ದೇನೆ, ಕುದುರೆ ಹೋದತ್ತ ಹೋಗಬೇಕು ಎಂದು ಹೇಳಿ ಅರ್ಜುನ ಊರೊಳಗೆ ಕಾಲಿಡುವುದಿಲ್ಲ. ಚೈತ್ರದ ಹುಣ್ಣಿಮೆಗೆ ಯಜ್ಞವಿದೆ, ತಾಯಂದಿರನ್ನು ಕರೆದುಕೊಂಡು ಬಾ ಎಂದು ಕರೆದು ಹೊರಡುತ್ತಾನೆ. ಬಭ್ರುವಾಹನ ಚಿತ್ರಾಂಗದೆ, ಉಲೂಪಿಯರೊಡನೆ ಹಸ್ತಿನಾವತಿಗೆ ಹೋಗುತ್ತಾನೆ, ಕುಂತಿ ದ್ರೌಪದಿಯರು ಅವರನ್ನು ಆದರದಿಂದ ಒಳಗೆ ಕರೆದುಕೊಳ್ಳುತ್ತಾರೆ.